ಮೇಜಿಲ್ಲದ ಮನೆಯ ಟೇಬಲ್ ರೇಡಿಯೋ

ದಾವಣಗೆರೆಯ ನಮ್ಮ ಹಳೆಯ ಮನೆಯಲ್ಲಿ ಟೇಬಲ್ ಎಂಬುದೇ ಇರಲಿಲ್ಲ. ಉಣ್ಣುವುದು ನೆಲದ ಮೇಲೆ, ಓದುವುದು ಪಡಸಾಲೆಯ ಕಟ್ಟೆಯ ಮೇಲೆ. ಹತ್ತಿ ಮಂಡಿಯಲ್ಲಿ ಗುಮಾಸ್ತರಾಗಿದ್ದ ಅಜ್ಜ ಲೆಕ್ಕ ಬರೆಯುತ್ತಿದ್ದದ್ದು ಮೊಣಕಾಲೆತ್ತರದ ಇಳಿಜಾರು ಡೆಸ್ಕಿನ ಮೇಲೆ. ಅಂಥ ಮನೆಗೆ 1960ರ ದಶಕದ ಆರಂಭದಲ್ಲಿ ಬಂದ ವಸ್ತುವಿನ ಹೆಸರು ‘ಟೇಬಲ್ ರೇಡಿಯೋ’. ಅದಕ್ಕಾಗಿ ಗೋಡೆಗೆ ಎರಡು ಕಬ್ಬಿಣದ ಕೋನ ಬಡಿದು ಹಲಗೆ ಹಾಕಿಸಿದರು, ಮಕ್ಕಳ ಕೈಗೆ ಎಟುಕದಷ್ಟು ಮೇಲೆ. ಅಜ್ಜಿ ಕಸೂತಿ ಹಾಕಿದ ಬಟ್ಟೆ ಹೊದಿಸಿದಳು. ಒಂದು ವಿನ್ಯಾಸ ತಾನು ಕಲ್ಪಿಸಿಕೊಂಡಿರದ ಮನೆಯಲ್ಲಿ ಹೇಗೆ ಬಾಳಿತು ಎಂಬುದನ್ನು ನಾನು ಆ ಹಲಗೆಯಿಂದಲೇ ಅಳೆಯುತ್ತೇನೆ.

ಪೆಟ್ಟಿಗೆಯನ್ನು ಮೊದಲು ನೋಡೋಣ, ಎಲ್ಲರೂ ಹೊಗಳುವುದು ಅದನ್ನೇ. ತೇಗದ ತೆಳುಹಾಳೆ ಅಂಟಿಸಿದ ಪ್ಲೈವುಡ್, ದುಂಡಗಾದ ಮೂಲೆಗಳು, ಹೊಳೆಯುವ ಪಾಲಿಶ್, ಸ್ಪೀಕರಿನ ಮುಂದೆ ಹೊನ್ನೆಳೆಯ ಬಟ್ಟೆ. ಇದು ಇಂಗ್ಲೆಂಡಿನ ಪೀಠೋಪಕರಣದ ಸಂಪ್ರದಾಯ. 1930ರ ದಶಕದಲ್ಲಿ ಅಲ್ಲಿನ ಮರ್ಫಿ ಕಂಪನಿ ತನ್ನ ಪೆಟ್ಟಿಗೆಗಳನ್ನು ಪೀಠೋಪಕರಣ ವಿನ್ಯಾಸಕಾರ ಆರ್. ಡಿ. ರಸೆಲ್ ಅವರಿಂದ ಮಾಡಿಸಿತ್ತು. ಎಕ್ಕೋ ಕಂಪನಿಗೆ ವೆಲ್ಸ್ ಕೋಟ್ಸ್ 1934ರಲ್ಲಿ ಬೇಕಲೈಟಿನ ದುಂಡನೆಯ ರೇಡಿಯೋ ರೂಪಿಸಿದರು. ನಮ್ಮ ಕಡೆ ಗೆದ್ದದ್ದು ಮರ. ನೋಟಕ್ಕೆ ಮಾತ್ರವಲ್ಲ, ಕಿವಿಗೂ ಮರವೇ ಸರಿ. ದೊಡ್ಡ ಪೆಟ್ಟಿಗೆ ಸ್ಪೀಕರಿನ ಕೆಳಸ್ಥಾಯಿಯನ್ನು ತುಂಬಿಕೊಡುತ್ತದೆ. ವಾರ್ತೆ ಓದುವವರ ದನಿ ಪಡಸಾಲೆಯಲ್ಲಿ ಕುಳಿತ ಮನುಷ್ಯನ ದನಿಯಂತೆ ಕೇಳುತ್ತದೆ. ಆದರೆ ಈ ಪೆಟ್ಟಿಗೆ ಕೇಳುವುದು ಹಿಂದೆ ಗಾಳಿಯಾಡುವ ಜಾಗ. ಐದು ವಾಲ್ವಿನ ಸೆಟ್ಟು ಸುಮಾರು 40-50 ವ್ಯಾಟ್ ವಿದ್ಯುತ್ ತಿನ್ನುತ್ತದೆ, ಅದರ ಬಹುಪಾಲು ಬಿಸಿಯಾಗಿ ಹಿಂಬದಿಯ ರಂಧ್ರಗಳಿಂದ ಹೊರಬೀಳಬೇಕು. ನಾವು ಅದನ್ನು ಗೋಡೆಗೆ ಒತ್ತಿಟ್ಟೆವು, ಕೆಲವರು ಗೂಡಿನೊಳಗೇ ತುರುಕಿದರು. ಒಳಗಿನ ಮೇಣದ ಕಾಗದದ ಕಂಡೆನ್ಸರುಗಳು ಬೇಗ ಸೋತದ್ದರಲ್ಲಿ ಈ ಸೆಕೆಯ ಪಾಲೂ ಇದೆ. ನಮ್ಮ ಮನೆಗಳನ್ನು ನೋಡಿದವರು ಯಾರಾದರೂ ವಿನ್ಯಾಸ ಮಾಡಿದ್ದರೆ ಗಾಳಿಗಂಡಿಯನ್ನು ಮೇಲ್ಭಾಗದಲ್ಲಿ ಕೊಡುತ್ತಿದ್ದರು.

ರೇಡಿಯೋದ ನಿಜವಾದ ಸಾಧನೆ ಅದರ ಮುಖ, ಸ್ಟೇಷನ್ನುಗಳ ಹೆಸರು ಬರೆದ, ಮುಳ್ಳು ಸರಿಯುವ ಆ ಗಾಜಿನ ಪಟ್ಟಿ. ಸ್ವಿಚ್ಚು ತಿರುವಿದ ಕೂಡಲೇ ಹಿಂದಿನ ಪುಟ್ಟ ಬಲ್ಬು ಹತ್ತಿ ಗಾಜು ಹಳದಿಯಾಗುತ್ತದೆ. ದನಿ ಬರುವುದಿಲ್ಲ. ವಾಲ್ವುಗಳ ಒಡಲು ಕಾದು ಕೆಂಪಾಗಲು ಅರ್ಧ ನಿಮಿಷ ಬೇಕು. ಆಮೇಲೆ ಸಣ್ಣ ಗುಂಯ್‌ಗುಡುವಿಕೆ, ಕರಕರ, ಅದರೊಳಗಿಂದ ಮೆಲ್ಲಗೆ ಏಳುವ ದನಿ. ಬೆಳಿಗ್ಗೆ ಆಕಾಶವಾಣಿಯ ಆರಂಭದ ರಾಗ ತಪ್ಪಬಾರದೆಂದು ಅಜ್ಜ ಒಂದು ನಿಮಿಷ ಮೊದಲೇ ಹಚ್ಚುತ್ತಿದ್ದ. ಆ ರಾಗ ಕಟ್ಟಿದವರು ವಾಲ್ಟರ್ ಕೌಫ್‌ಮನ್. ಹೀಗೆ ಕಾಯುವುದು ಯಂತ್ರದ ದೌರ್ಬಲ್ಯ, ನಿಜ. ಆದರೆ ಬೆಳಕು ಮೊದಲು, ದನಿ ಆಮೇಲೆ ಎಂಬ ಕ್ರಮ ಮನೆಯವರನ್ನು ಕೇಳುವುದಕ್ಕೆ ಕೂರಿಸುತ್ತಿತ್ತು.

ಸ್ಟೇಷನ್ ಹಿಡಿಯುವ ಕೆಲಸದ ಅಂದ ನನಗೆ ತಿಳಿದದ್ದು ಹರಿಹರದಲ್ಲಿ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಸೋದರಮಾವ ಲೇತ್ ಕೆಲಸ ಮಾಡುತ್ತಿದ್ದರು. ಒಂದು ಭಾನುವಾರ ಸೆಟ್ಟಿನ ಹಿಂಬದಿ ಬಿಚ್ಚಿ ತೋರಿಸಿದರು: ನಾಬಿನ ಕಡ್ಡಿಗೆ ಸುತ್ತಿದ ದಾರ, ಅದು ಎಳೆಯುವ ದೊಡ್ಡ ಗಾಲಿ, ದಾರ ಸಡಿಲವಾಗದಂತೆ ಹಿಡಿದ ಸ್ಪ್ರಿಂಗು. ‘ನಮ್ಮ ಲೇತಿನ ಹಾಗೇ ನೋಡಪ, ಕೈ ಹೆಚ್ಚು ತಿರುಗಬೇಕು, ಮುಳ್ಳು ಕಡಿಮೆ ಸರೀಬೇಕು’ ಅಂದರು. ಆ ಗಾಲಿ ತಿರುಗಿದಾಗ ಎರಡು ಜೊತೆ ಕಂಡೆನ್ಸರು ಒಟ್ಟಿಗೆ ತಿರುಗುತ್ತವೆ. ಒಂದು ಬೇಕಾದ ಅಲೆಯನ್ನು ಆರಿಸುತ್ತದೆ, ಇನ್ನೊಂದು ಸೆಟ್ಟಿನೊಳಗೇ ಹುಟ್ಟುವ ಅಲೆಯನ್ನು ಅದಕ್ಕೆ ಸರಿಯಾಗಿ ಬದಲಿಸುತ್ತದೆ, ಎರಡರ ನಡುವಿನ ಅಂತರ ಯಾವಾಗಲೂ ಸುಮಾರು 455 ಕಿಲೋಹರ್ಟ್ಸ್ ಇರುವಂತೆ. 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡ ಈ ಉಪಾಯದಿಂದಾಗಿ ಒಂದೇ ನಾಬು ಸಾಕಾಯಿತು. ಶಾರ್ಟ್‌ವೇವಿನಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ನಾಲ್ಕಾರು ಸ್ಟೇಷನ್ನು ಒತ್ತಿಕೊಂಡಿರುತ್ತವೆ. ಅಲ್ಲಿ ರೇಡಿಯೋ ಸಿಲೋನನ್ನು ಕಳೆದುಕೊಳ್ಳದೆ ಹಿಡಿಯಲು ಆ ದಾರ ಮತ್ತು ಗಾಲಿ ಬೇಕೇಬೇಕು. ಬಿ. ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ ಆಕಾಶವಾಣಿಯಿಂದ ಸಿನಿಮಾ ಹಾಡು ದೂರವಾಯಿತು, 1952ರಲ್ಲಿ ಸಿಲೋನಿನ ಬಿನಾಕಾ ಗೀತಮಾಲಾ ಶುರುವಾಯಿತು. 1957ರಲ್ಲಿ ವಿವಿಧ ಭಾರತಿ ಬರುವವರೆಗೆ ಹಾಡಿನ ದಾಹ ತೀರಿಸಿದ್ದು ಶಾರ್ಟ್‌ವೇವ್ ಪಟ್ಟಿಯೇ.

ಹರಿಹರದಲ್ಲಿ ನಿಂತರೆ ಈ ಗಾಜಿನ ಪಟ್ಟಿಗೆ ಇನ್ನೊಂದು ಅರ್ಥ ಬರುತ್ತದೆ. 1956ರ ನವೆಂಬರ್ 1ರವರೆಗೆ ತುಂಗಭದ್ರೆಯ ಈ ದಡ ಮೈಸೂರು ರಾಜ್ಯ, ಆ ದಡದ ರಾಣೆಬೆನ್ನೂರು ತಾಲೂಕು ಮುಂಬಯಿ ರಾಜ್ಯ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ‘ಆಕಾಶವಾಣಿ’ 1955ರಲ್ಲಿ ಬೆಂಗಳೂರಿಗೆ ಹೋಯಿತು. ಧಾರವಾಡದ ನಿಲಯ 1950ರಿಂದ ಮಾತಾಡುತ್ತಿತ್ತು. ನದಿಯ ಮೇಲಿನ ಗಡಿ ಅಳಿಯುವ ಮೊದಲೇ ಮೀಡಿಯಂ ವೇವಿನ ಮೇಲೆ ಬೆಂಗಳೂರೂ ಧಾರವಾಡವೂ ನಾಲ್ಕು ಬೆರಳ ಅಂತರದ ನೆರೆಹೊರೆ. ಹಗಲು ಮಸುಕಾದ ಸ್ಟೇಷನ್ನುಗಳು ಸಂಜೆ ಸ್ಪಷ್ಟವಾಗುತ್ತಿದ್ದವು, ಸೂರ್ಯ ಮುಳುಗಿದ ಮೇಲೆ ಆಕಾಶದ ಕೆಳಪದರ ಅಲೆಗಳನ್ನು ಹೀರುವುದು ನಿಂತು, ಮೇಲಿನ ಪದರ ಅವನ್ನು ದೂರಕ್ಕೆ ಮರಳಿಸುವುದರಿಂದ.

ಇಷ್ಟೆಲ್ಲ ಮೆಚ್ಚಿದ ಮೇಲೂ ಆ ಗಾಜಿನ ಮೇಲೆ ನನ್ನ ದೊಡ್ಡ ಆಕ್ಷೇಪವಿದೆ. ಅದರಲ್ಲಿ ಒಂದು ಕನ್ನಡ ಅಕ್ಷರವಿರಲಿಲ್ಲ. ಡೆಲ್ಲಿ, ಬಾಂಬೆ, ಮದ್ರಾಸ್, ಸಿಲೋನ್, ಎಲ್ಲವೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ರೇಡಿಯೋವನ್ನು ಅತಿ ಹೆಚ್ಚು ಕೇಳುತ್ತಿದ್ದ ಅಜ್ಜಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ. 1965ರಲ್ಲಿ ಭದ್ರಾವತಿ ನಿಲಯ ಬಂತು. ನಮಗೆ ಅತಿ ಹತ್ತಿರದ, ದಿನವಿಡೀ ಕೇಳುವ ಆ ಸ್ಟೇಷನ್ನಿನ ಹೆಸರು ಅದಕ್ಕೂ ಮೊದಲು ತಯಾರಾದ ಗಾಜಿನ ಮೇಲೆ ಇರಲು ಸಾಧ್ಯವಿರಲಿಲ್ಲ. ಅಜ್ಜಿ ಹಳೆಯ ಪಂಚಾಂಗದ ಅಂಚಿನಿಂದ ಕಾಗದದ ಚೂರು ಹರಿದು, ‘ಭ’ ಎಂದು ಬರೆದು, ಗೋಂದು ಹಚ್ಚಿ ಮುಳ್ಳು ನಿಲ್ಲುವ ಜಾಗಕ್ಕೆ ಅಂಟಿಸಿದಳು. ಆ ಗಾಜಿಗೆ ಬಂದ ಅತ್ಯುತ್ತಮ ತಿದ್ದುಪಡಿ ಅದೇ ಎಂದು ನಾನು ನಂಬುತ್ತೇನೆ. ತಯಾರಕರು ಒಂದು ಖಾಲಿ ಪಟ್ಟಿ ಬಿಟ್ಟಿದ್ದರೂ ಸಾಕಿತ್ತು, ಪ್ರತಿ ಊರೂ ತನ್ನ ಹೆಸರನ್ನು ತಾನೇ ಬರೆದುಕೊಳ್ಳುತ್ತಿತ್ತು.

ಇನ್ನೊಂದು ದೋಷ ಪ್ರಾಣದ್ದು. ಅಗ್ಗದ ಎ.ಸಿ./ಡಿ.ಸಿ. ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಒಳಗಿನ ಲೋಹದ ಚೌಕಟ್ಟು ನೇರವಾಗಿ ಕರೆಂಟಿನ ಒಂದು ತಂತಿಗೆ ಸೇರಿರುತ್ತದೆ. ಪ್ಲಗ್ಗು ತಿರುವುಮುರುವಾದರೆ ಚೌಕಟ್ಟೆಲ್ಲ ಕರೆಂಟು. ಮಾವನ ಸೆಟ್ಟು ಅಂಥದ್ದು. ನಾಬು ಕಳಚಿಹೋಗಿದ್ದ ಕಡ್ಡಿಯನ್ನು ಬೆರಳಲ್ಲಿ ತಿರುವಲು ಹೋಗಿ ನಾನು ಗೋಡೆಗೆ ಬಡಿದಿದ್ದೆ. ಖರ್ಚು ಉಳಿಸುವ ಈ ಉಪಾಯವನ್ನು ಹಳೆಯ ಕಾಲದ್ದೆಂದು ಕ್ಷಮಿಸಲಾರೆ.

ಈಗ ಇವುಗಳನ್ನು ಮತ್ತೆ ಹೊರತೆಗೆಯುವ ಉತ್ಸಾಹ ಬಂದಿದೆ. ಪೆಟ್ಟಿಗೆ ಪಾಲಿಶ್ ಮಾಡಿಸಿ, ಒಳಗಿನದ್ದನ್ನೆಲ್ಲ ಗುಜರಿಗೆ ಹಾಕಿ, ಬ್ಲೂಟೂತ್ ಹಲಗೆ ಕೂರಿಸುತ್ತಾರೆ. ಗಾಜು ಬೆಳಗುತ್ತದೆ, ಮುಳ್ಳು ಸತ್ತಿರುತ್ತದೆ. ಈ ರೇಡಿಯೋದ ಜೀವ ಇದ್ದದ್ದು ಕೈ, ದಾರ, ಮುಳ್ಳು, ಕಿವಿ ಒಂದಾಗುವಲ್ಲಿ. ಅದನ್ನು ಕಿತ್ತ ಮೇಲೆ ಉಳಿಯುವುದು ಬರೀ ಮರದ ಪೆಟ್ಟಿಗೆ. ಒಳಗಿನದ್ದನ್ನು ಉಳಿಸುವುದೇನೂ ಅಸಾಧ್ಯವಲ್ಲ. ಬೆಸುಗೆಯೆಲ್ಲ ಕಣ್ಣಿಗೆ ಕಾಣುತ್ತದೆ, ಒಂದೊಂದು ಭಾಗವನ್ನೂ ಬಿಡಿಸಿ ಬದಲಿಸಬಹುದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲಕ್ಕೆ ತಯಾರಿಸಿದ ವಾಲ್ವುಗಳು ಹಳೆಯ ಅಂಗಡಿಗಳ ಡಬ್ಬಿಗಳಲ್ಲಿ ಇನ್ನೂ ಸಿಗುತ್ತವೆ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿಗೆ ಮಾತ್ರ ನೇರವಾಗಿ ಕರೆಂಟು ಕೊಡಬಾರದು, ಮೊದಲು ಕಂಡೆನ್ಸರು ಬದಲಿಸಬೇಕು.

ಕೆಲವು ವರ್ಷಗಳ ಹಿಂದೆ ಅಜ್ಜನ ಸೆಟ್ಟನ್ನು ದಾವಣಗೆರೆಯ ಹಳೆಯ ಮೆಕ್ಯಾನಿಕ್ ಒಬ್ಬರಿಂದ ಹಾಗೆ ಸರಿಮಾಡಿಸಿದೆ. ಕೊಳೆತ ದಾರ ತೆಗೆದು ಹೊಸ ದಾರ ಕಟ್ಟಿದರು. ಗಾಜು ಒರೆಸಲು ಸ್ಪಿರಿಟ್ ತೆಗೆದಾಗ ನಾನು ಕೈ ಹಿಡಿದೆ. ಭದ್ರಾವತಿ ಬಂತು, ಆದರೆ ಮುಳ್ಳು ಆ ಕಾಗದದ ಚೂರಿಗಿಂತ ಅಕ್ಕಿಕಾಳಷ್ಟು ಎಡಕ್ಕೆ ನಿಂತಿತ್ತು. ‘ಚೂರು ಕಿತ್ತು ಸರಿಯಾದ ಜಾಗಕ್ಕೆ ಅಂಟಿಸ್ಲೇನು ಸರ್?’ ಎಂದು ಕೇಳಿದರು. ಬೇಡ ಅಂದೆ. ಅವರು ಮತ್ತೆ ಹಿಂಬದಿ ಬಿಚ್ಚಿ, ದಾರ ಸಡಿಲಿಸಿ, ಮುಳ್ಳನ್ನೇ ಸರಿಸಿ ‘ಭ’ದ ಮೇಲೆ ತಂದು ನಿಲ್ಲಿಸಿದರು.