ಸವೆದ ಚೈನಿಗೆ ಯಾವ ಅಳತೆ?

ಸೈಕಲ್ ಚೈನಿನ ಒಂದು ಪಿನ್ನಿಗೂ ಮುಂದಿನ ಪಿನ್ನಿಗೂ ನಡುವೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಂತರ. ಹಾಲಿನವರ ಸೈಕಲ್ಲಿಗೂ ಹನ್ನೆರಡು ಗೇರಿನ ಮೌಂಟನ್ ಬೈಕಿಗೂ ಇದೇ ಲೆಕ್ಕ. ಚೈನು ‘ಜಗ್ಗಿದೆ’ ಎನ್ನುವುದು ಸೈಕಲ್ ಶಾಪುಗಳ ರೂಢಿಯ ಮಾತಾದರೂ ಅದರ ತಗಡುಗಳೇನೂ ಎಳೆದು ಉದ್ದವಾಗುವುದಿಲ್ಲ. ಪ್ರತಿ ಕೊಂಡಿಯಲ್ಲಿ ಪಿನ್ನು ಮತ್ತು ಅದು ಹೊರಳುವ ತೂತಿನ ಅಂಚು ಎಳ್ಳಷ್ಟೆಳ್ಳಷ್ಟೇ ಸವೆಯುತ್ತವೆ. ನೂರಕ್ಕೂ ಹೆಚ್ಚು ಕೊಂಡಿಗಳ ಸವಕಳಿ ಕೂಡಿ ಚೈನು ಉದ್ದವಾಗುತ್ತದೆ. ಮಳೆಗಾಲದಲ್ಲಿ ಸಹ್ಯಾದ್ರಿಯ ಕಾಡುದಾರಿ ತುಳಿದ ಬೈಕಿನ ಚೈನು ಬೇಗ ಹಾಳಾಗುವುದು ಇದರಿಂದಲೇ. ಕೆಸರಿನ ಮರಳು ಎಣ್ಣೆಯಲ್ಲಿ ಕಲೆತು ಕೊಂಡಿಗಳೊಳಗೆ ಸೇರಿ ಸಾಣೆ ಹಿಡಿಯುತ್ತದೆ.

ಉದ್ದವಾದ ಚೈನಿನ ರೋಲರುಗಳು ಹಲ್ಲಿನ ಬುಡ ಬಿಟ್ಟು ಮೇಲೇರಿ ಕೂರುತ್ತವೆ. ಹಲವು ಹಲ್ಲುಗಳು ಹಂಚಿಕೊಳ್ಳಬೇಕಾದ ಭಾರ ಒಂದೆರಡರ ಮೇಲೆ ಬಿದ್ದು, ಅವು ಒಂದೇ ಮಗ್ಗುಲಲ್ಲಿ ತೇಯ್ದು ಕೊಕ್ಕೆಯಂತಾಗುತ್ತವೆ. ಸದ್ದು ಕೇಳಿ, ಜಾರುವುದನ್ನು ನೋಡಿ ಸವಕಳಿ ತಿಳಿಯುತ್ತೇವೆ ಎನ್ನುವವರ ಪದ್ಧತಿ ಸೋಲುವುದು ಇಲ್ಲಿಯೇ. ಒಟ್ಟಿಗೆ ಸವೆದ ಚೈನು ಮತ್ತು ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ, ಅಂದರೆ ಸ್ಪ್ರಾಕೆಟ್ಟುಗಳ ಗೊಂಚಲು) ಹಳೆಯ ದಂಪತಿಯಂತೆ ತಂಟೆಯಿಲ್ಲದೆ ಬಾಳುತ್ತವೆ. ಹೊಸ ಚೈನು ಹಾಕಿದ ದಿನವೇ ಜಾರಾಟ ಶುರುವಾಗುತ್ತದೆ, ಬೈಗುಳ ಹೊಸ ಚೈನಿಗೆ ಬೀಳುತ್ತದೆ.

ಹಾಗೆಂದು ಜಾರುವ ಲಕ್ಷಣವನ್ನು ಕಡೆಗಣಿಸುವಂತಿಲ್ಲ. ಅದು ಸವಕಳಿಯ ಪ್ರಮಾಣ ಹೇಳದಿದ್ದರೂ ದೋಷದ ಜಾಗ ತೋರಿಸುತ್ತದೆ. ಹೆಚ್ಚಾಗಿ ಬಳಸುವ ಒಂದೆರಡು ಸ್ಪ್ರಾಕೆಟ್ಟುಗಳಲ್ಲಿ ಮಾತ್ರ, ಅದೂ ಬಲವಾಗಿ ತುಳಿದಾಗ ಜಾರಿದರೆ ಆ ಹಲ್ಲುಗಳು ಮುಗಿದಿವೆ. ಎಲ್ಲ ಗೇರುಗಳಲ್ಲೂ ಲೆಕ್ಕವಿಟ್ಟಂತೆ ಒಂದೇ ಅಂತರಕ್ಕೆ ಎಗರಿದರೆ ಎಲ್ಲೋ ಒಂದು ಕೊಂಡಿ ಬಿಗಿಯಾಗಿದೆ. ಮುಂದಿನ ಚೈನ್‌ವೀಲಿಗೆ 32 ಹಲ್ಲು, ಚೈನಿಗೆ 118 ಕೊಂಡಿ ಇದ್ದರೆ ಪೆಡಲಿನ ಸುಮಾರು ಮೂರೂಮುಕ್ಕಾಲು ಸುತ್ತಿಗೊಮ್ಮೆ ಅದೇ ಕೊಂಡಿ ಮರಳಿ ಬರುತ್ತದೆ. ಎಣಿಸಿ ನೋಡಿದರೆ ಸಾಕು. ಆ ಕೊಂಡಿಯನ್ನು ಕೈಯಿಂದ ಅಡ್ಡಡ್ಡ ಬಾಗಿಸಿದರೆ ಸಾಮಾನ್ಯವಾಗಿ ಸಡಿಲಾಗುತ್ತದೆ. ಯಾವ ಗೇರಿನಲ್ಲಾದರೂ, ಯಾವಾಗಲಾದರೂ ಪೆಡಲು ದಢಕ್ಕನೆ ಕುಸಿದರೆ ಚೈನನ್ನು ಬಿಟ್ಟು ಹಿಂದಿನ ಹಬ್ಬಿನೊಳಗಿನ ಫ್ರೀವೀಲನ್ನು ಬಿಚ್ಚಿ ನೋಡಬೇಕು. ಗೇರು ತಡವರಿಸಿ ಬದಲಾಗುವುದಷ್ಟೇ ದೂರಾದರೆ ತುಕ್ಕು ಹಿಡಿದ ಕೇಬಲ್ಲೋ, ಬಿದ್ದಾಗ ಬಾಗಿದ ಡಿರೈಲರ್ ಹ್ಯಾಂಗರೋ ಕಾರಣವಿರಬಹುದು.

ಇನ್ನು ಅಳತೆ. ಹೆಚ್ಚಿನ ಅಂಗಡಿಗಳಲ್ಲಿರುವುದು ಎರಡು ಕೊಕ್ಕೆಗಳ ಚೈನ್ ಗೇಜು. ಕೊಕ್ಕೆ ಕೊಂಡಿಯೊಳಗೆ ಇಳಿದರೆ ಚೈನು ಸವೆದಿದೆ, ಇಳಿಯದಿದ್ದರೆ ಇಲ್ಲ. ಕ್ಷಣದ ಕೆಲಸ, ಅದರ ಜನಪ್ರಿಯತೆಗೂ ಅದೇ ಕಾರಣ. ಆದರೆ ಈ ಗೇಜಿನ ಲೆಕ್ಕದಲ್ಲೊಂದು ದೋಷವಿದೆ. ಅದು ಎರಡು ತುದಿಯ ರೋಲರುಗಳನ್ನು ಎದುರುಬದುರು ದಿಕ್ಕಿಗೆ ತಳ್ಳುತ್ತದೆ. ಪಿನ್ನಿನ ಸವಕಳಿಯ ಜೊತೆಗೆ ಎರಡೂ ರೋಲರುಗಳ ಸಡಿಲವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಲ್ಲಿನ ಮೇಲೆ ಕುಳಿತಾಗ ಎಲ್ಲ ರೋಲರುಗಳೂ ಒಂದೇ ದಿಕ್ಕಿಗೆ ಸರಿಯುವುದರಿಂದ ಈ ಸಡಿಲ ಅವುಗಳ ನಡುವಿನ ಅಂತರವನ್ನು ಹೆಚ್ಚಿಸುವುದೇ ಇಲ್ಲ. ಇನ್ನೂ ಬಾಳುವ ಚೈನನ್ನು ಕಸಕ್ಕೆ ಹಾಕಿಸುವ ಅಳತೆ ಇದು. ಮೂರು ಕಡೆ ತಾಗಿ ರೋಲರುಗಳನ್ನು ಒಂದೇ ದಿಕ್ಕಿಗೆ ಒತ್ತುವ ಗೇಜುಗಳು, ಉದಾಹರಣೆಗೆ ಶಿಮಾನೋದ ಟಿಎಲ್-ಸಿಎನ್42, ಪಾರ್ಕ್ ಟೂಲಿನ ಸಿಸಿ-4, ಈ ತಪ್ಪನ್ನು ಮಾಡುವುದಿಲ್ಲ.

ಅವೂ ಇಲ್ಲದಿದ್ದರೆ ಒಂದು ಸ್ಟೀಲ್ ಸ್ಕೇಲು ಸಾಕು. ಚೈನನ್ನು ಬಿಗಿಯಾಗಿ ಎಳೆದಿಟ್ಟು ಒಂದು ಪಿನ್ನಿನ ಅಂಚಿನಿಂದ ಇಪ್ಪತ್ತನಾಲ್ಕನೇ ಕೊಂಡಿಯಾಚೆಯ ಪಿನ್ನಿನ ಅದೇ ಅಂಚಿಗೆ ಅಳೆದರೆ ಹೊಸದರಲ್ಲಿ ಸರಿಯಾಗಿ 12 ಇಂಚು, 304.8 ಮಿ.ಮೀ. ಇರುತ್ತದೆ. ಒಂದೂವರೆ ಮಿ.ಮೀ. ಹೆಚ್ಚಿದ್ದರೆ ಶೇ. 0.5ರಷ್ಟು ಸವೆದಿದೆ ಎಂದರ್ಥ. ಹನ್ನೊಂದು, ಹನ್ನೆರಡು ಗೇರಿನ ಚೈನುಗಳನ್ನು ಸಾಮಾನ್ಯವಾಗಿ ಈ ಹಂತದಲ್ಲಿ ಬದಲಿಸುತ್ತಾರೆ. ಹತ್ತು ಮತ್ತು ಅದಕ್ಕಿಂತ ಕಡಿಮೆ ಗೇರಿನವು ಶೇ. 0.75ರವರೆಗೆ ತಾಳುತ್ತವೆ. ಸ್ಕೇಲಿಗೂ ಮಿತಿಯಿದೆ. ಮಂದ ಬೆಳಕಿನಲ್ಲಿ ಒಂದೂವರೆ ಮಿ.ಮೀ. ಕಣ್ಣುತಪ್ಪಬಹುದು, ಚೈನು ಅಡ್ಡಡ್ಡ ಸಡಿಲಾದದ್ದು ಅದಕ್ಕೆ ಕಾಣುವುದೇ ಇಲ್ಲ. ಎರಡು ಮೂರು ಜಾಗದಲ್ಲಿ ಅಳೆಯುವುದು ಮೇಲು.

ಚೈನಿಗಿಂತ ಕ್ಯಾಸೆಟ್ಟಿನ ಬೆಲೆ ಹಲವು ಪಟ್ಟು. ಆದ್ದರಿಂದ ಅಳತೆ ನೋಡಿ ಚೈನನ್ನು ಮೊದಲೇ ಬದಲಿಸಿದವನಿಗೆ ಲಾಭ. ಎಲ್ಲವನ್ನೂ ಸವೆಯುವಷ್ಟು ಸವೆಯಲು ಬಿಟ್ಟು ಒಟ್ಟಿಗೆ ಬದಲಿಸುವ ಹಳೆಯ ಕ್ರಮವನ್ನು ಅನೇಕರು ಸೋಮಾರಿತನವೆಂದು ಹಳಿಯುತ್ತಾರೆ. ಏಳೆಂಟು ಗೇರಿನ ಅಗ್ಗದ ಉಕ್ಕಿನ ಫ್ರೀವೀಲಿನ ಮಟ್ಟಿಗೆ ಅದು ತಪ್ಪು ಲೆಕ್ಕವಲ್ಲ. ಮುಂದೆ ಒಂದೇ ಚೈನ್‌ವೀಲ್ ಇರುವ ದುಬಾರಿ ಬೈಕುಗಳಲ್ಲಿ ಮಾತ್ರ ಅದು ಜೇಬಿಗೆ ಕತ್ತರಿ. ಅಂಥ ಹಲವು ಕ್ಯಾಸೆಟ್ಟುಗಳ ಅತಿ ದೊಡ್ಡ ಸ್ಪ್ರಾಕೆಟ್ ಅಲ್ಯೂಮಿನಿಯಮ್ಮಿನದು, ಉಕ್ಕಿಗಿಂತ ಬೇಗ ಸವೆಯುವಂಥದು. ಕಡಿದಾದ ಏರುಗಳಲ್ಲಿ ಚೈನು ಇರುವುದೂ ಅದರ ಮೇಲೆಯೇ.

ಹೊಸ ಚೈನು ಹಾಕಿದ ಮೇಲೆ ಸಣ್ಣದೊಂದು ಏರಿನಲ್ಲಿ, ಸೀಟಿನ ಮೇಲೆ ಕುಳಿತೇ, ಹೆಚ್ಚು ಬಳಸಿದ ಸ್ಪ್ರಾಕೆಟ್ಟುಗಳಲ್ಲಿ ಒತ್ತಿ ತುಳಿದು ನೋಡಬೇಕು. ಜಾರಿದರೆ ಕ್ಯಾಸೆಟ್ಟನ್ನೂ ಬದಲಿಸದೆ ವಿಧಿಯಿಲ್ಲ. ಎದ್ದು ನಿಂತು ತುಳಿಯುವಾಗ ಚೈನು ಜಾರಿದರೆ ಸವಾರ ಹ್ಯಾಂಡಲಿನ ಮೇಲೆ ಮುಗ್ಗರಿಸುತ್ತಾನೆ.