ಕಲ್ಲಿದ್ದಲ ನೆಲದ ಕಾಲ್ಚೆಂಡು: ಗೂರ್ನಿಕ್ ಜಾಬ್ಜೆಯ ಪರಂಪರೆ

ಪೋಲೆಂಡಿನ ಸೈಲೀಷಿಯಾ ಪ್ರಾಂತದ ಜಾಬ್ಜೆ ನಗರದಲ್ಲಿ 1948ರ ಡಿಸೆಂಬರಿನಲ್ಲಿ ಹಲವು ಚಿಕ್ಕ ಸಂಘಗಳ ಕೂಡುವಿಕೆಯಿಂದ ಹುಟ್ಟಿ, ಗಣಿಗಾರನ ಹೆಸರನ್ನೇ ತನ್ನ ಹೆಸರಾಗಿ ಧರಿಸಿದ ಗೂರ್ನಿಕ್ ಸಂಘವು 1957ರಿಂದ 1988ರವರೆಗೆ 14 ಬಾರಿ ರಾಷ್ಟ್ರದ ಲೀಗ್ ಪ್ರಶಸ್ತಿಯನ್ನು ಗೆದ್ದುಕೊಂಡಿತು; ಅವುಗಳಲ್ಲಿ ಐದು, 1963ರಿಂದ 1967ರವರೆಗೆ, ಒಂದರ ಬೆನ್ನಿಗೊಂದು ಬಂದವು. ಇಂಥ ಸಂಘವನ್ನು ಕುರಿತು ಮಾತನಾಡುವವರು ಅದಕ್ಕೊಂದು ವಿಶಿಷ್ಟ ಸಂಪ್ರದಾಯವನ್ನು ಆರೋಪಿಸುವುದು ಸಹಜವೇ ಸರಿ. ಆದರೆ ಆ ಹಿರಿಮೆಯ ಮೂಲವು ಆಟದಲ್ಲಿತ್ತೋ, ಆಟವನ್ನು ಸಾಕಿದ ಕಲ್ಲಿದ್ದಲಿನಲ್ಲಿತ್ತೋ ಎಂಬುದು ವಿಚಾರಾರ್ಹ.

ವೃತ್ತಿಪರ ಕ್ರೀಡೆಯನ್ನು ತತ್ತ್ವತಃ ಒಪ್ಪದಿದ್ದ ಕಮ್ಯುನಿಸ್ಟ್ ಪ್ರಭುತ್ವದಲ್ಲಿ ಆಟಗಾರನು ಕಾಗದದ ಮೇಲೆ ಗಣಿಯ ನೌಕರನಾಗಿದ್ದು, ಸಂಬಳವನ್ನು ಅಲ್ಲಿ ಪಡೆದು ದುಡಿಮೆಯನ್ನು ಮೈದಾನದಲ್ಲಿ ಸಲ್ಲಿಸುತ್ತಿದ್ದನು. ಪೋಷಕರ ಕೈ ಉದ್ದವಾಗಿದ್ದುದರಿಂದ ನೆರೆಹೊರೆಯ ಊರುಗಳ ಪ್ರತಿಭೆಯೆಲ್ಲವೂ ಜಾಬ್ಜೆಯತ್ತ ಹರಿಯಿತು: ಗ್ಲಿವಿತ್ಸೆಯಿಂದ ಲುಬಾನ್‌ಸ್ಕಿ, ಹೋಜೂಫಿನಿಂದ ಕುಳ್ಳದೇಹದ ಚತುರ ಶೊವ್ತಿಸಿಕ್, ರಾಚಿಬೂಜಿನಿಂದ ಗೋಲ್‌ಕೀಪರ್ ಹೂಬರ್ಟ್ ಕೋಸ್ಟ್ಕಾ. ರೂದಾದಲ್ಲಿ ಹುಟ್ಟಿ, ಲೀಗಿನಲ್ಲಿ ಒಟ್ಟು 186 ಗೋಲುಗಳನ್ನು ಹೊಡೆದ ಅರ್ನೆಸ್ಟ್ ಪೋಲ್ ಮೊದಲು ವಾರ್ಸಾದ ಲೆಗಿಯಾದಲ್ಲಿ ಆಡಿ ಆಮೇಲೆ ಬಂದವನು. ಇವರಾರನ್ನೂ ಗೂರ್ನಿಕ್ ತಾನೇ ತಿದ್ದಿ ಬೆಳೆಸಿತೆನ್ನಲಾಗದು; ಬೆಳೆಯುತ್ತಿದ್ದವರನ್ನು ಗುರುತಿಸಿ ತಂದು ಒಟ್ಟುಗೂಡಿಸಿತೆಂಬುದೇ ಹೆಚ್ಚು ನ್ಯಾಯವಾದ ಮಾತು.

ಒಟ್ಟುಗೂಡಿದ ಪ್ರತಿಭೆಗೆ ಶಿಕ್ಷಣವು ಹೊರಗಿನಿಂದ ಬರಬೇಕಾಯಿತು. 1961ರ ಸೆಪ್ಟೆಂಬರಿನಲ್ಲಿ, ಯೂರೋಪಿಯನ್ ಕಪ್ಪಿನ ಸ್ಪರ್ಧೆಯಲ್ಲಿ, ಟಾಟನ್‌ಹ್ಯಾಮ್ ತಂಡವನ್ನು ಹೋಜೂಫಿನಲ್ಲಿ 4-2ರಿಂದ ಸೋಲಿಸಿದವರು ಒಂದೇ ವಾರದಲ್ಲಿ ಲಂಡನ್ನಿನಲ್ಲಿ 8-1ರಿಂದ ಸೋತರು. ಸ್ವಂತ ನೆಲದ ಶೌರ್ಯವು ಪರನೆಲದಲ್ಲಿ ಹೇಗೆ ಕರಗಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ದಶಕದ ಉತ್ತರಾರ್ಧದಲ್ಲಿ ಹಂಗೆರಿಯ ಗೇಜಾ ಕಾಲೊಚಾಯ್ ತರಬೇತುದಾರನಾಗಿದ್ದಾಗ ಈ ದೌರ್ಬಲ್ಯವು ತಕ್ಕಮಟ್ಟಿಗೆ ನೀಗಿತು. ಯೂರೋಪಿನ ಚಾಂಪಿಯನ್ನರಾಗಿದ್ದ ಸೆಲ್ಟಿಕ್ ತಂಡವನ್ನು ಆಗತಾನೇ ಹೊರದೂಡಿದ್ದ ಡೈನಮೊ ಕೀವ್ ತಂಡವನ್ನು, ಕೀವ್‌ನಲ್ಲಿಯೇ, ಗೂರ್ನಿಕ್ 2-1ರಿಂದ ಮಣಿಸಿತು. ಮುಂದಿನ ಸುತ್ತಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಮೈದಾನದಲ್ಲಿ 2-0ರಿಂದ ಸೋತು, 1968ರ ಮಾರ್ಚಿನಲ್ಲಿ, ಹಿಮ ಕವಿದ ಹೋಜೂಫಿನ ಅಂಗಣದಲ್ಲಿ, ಲುಬಾನ್‌ಸ್ಕಿಯ ಏಕೈಕ ಗೋಲಿನಿಂದ ಗೆದ್ದರೂ ಒಟ್ಟು ಲೆಕ್ಕದಲ್ಲಿ ಹಿಂದುಳಿದು ನಿರ್ಗಮಿಸಿತು. ಆ ಯುನೈಟೆಡ್ ತಂಡವೇ ಆ ವರ್ಷ ಯೂರೋಪಿಯನ್ ಕಪ್ಪನ್ನೆತ್ತಿತು. ಗೂರ್ನಿಕ್ಕಿನ ಆಟದ ಪರಾಕಾಷ್ಠೆ ಈ ಋತುವಿನದೆಂದೇ ನನ್ನ ಮತ.

ಜನಶ್ರುತಿಯಾದರೋ 1970ನ್ನೇ ಕೊಂಡಾಡುತ್ತದೆ. ಕಪ್ ವಿಜೇತರ ಕಪ್ಪಿನ ಉಪಾಂತ್ಯದಲ್ಲಿ ರೋಮಾ ತಂಡದೊಡನೆ ಆಡಿದ ಮೂರು ಪಂದ್ಯಗಳೂ ಸಮವಾಗಿ, ಪೆನಾಲ್ಟಿ ಒದೆತಗಳಿಂದ ನಿರ್ಣಯಿಸುವ ಪದ್ಧತಿಯು ಆಗಿನ್ನೂ ಬಂದಿರಲಿಲ್ಲವಾದುದರಿಂದ, ಸ್ಟ್ರಾಸ್‌ಬೂರ್ಗಿನಲ್ಲಿ ನಾಣ್ಯ ಚಿಮ್ಮಲಾಯಿತು; ಅದೃಷ್ಟವು ನಾಯಕ ಓಶ್ಲಿಜ್ವೊನ ಪಾಲಿಗೆ ಒಲಿಯಿತು. ವಿಯೆನ್ನಾದ ಮಳೆಯಲ್ಲಿ, ಎಂಟು ಸಾವಿರವೂ ತುಂಬದ ಪ್ರೇಕ್ಷಕರೆದುರು, ಮ್ಯಾಂಚೆಸ್ಟರ್ ಸಿಟಿಗೆ 2-1ರಿಂದ ಸೋತ ಅಂತಿಮ ಪಂದ್ಯದಲ್ಲಿ ಪೋಲೆಂಡಿನವರ ಏಕಮಾತ್ರ ಗೋಲೂ ಆತನದೇ. ಪೋಲೆಂಡಿನ ಮತ್ತಾವ ಸಂಘವೂ ಅದಕ್ಕೆ ಮುನ್ನ ಯೂರೋಪಿನ ಅಂತಿಮ ಪಂದ್ಯವನ್ನು ಕಂಡಿರಲಿಲ್ಲವೆಂಬುದು ನಿಜ; ಹಾಗೆಂದು ನಾಣ್ಯದ ಕೃಪೆಯನ್ನು ಕೀವ್‌ನ ಗೆಲವಿಗಿಂತ ಮೇಲೆ ಕೂರಿಸುವುದು ವಿವೇಕವಲ್ಲ.

1973ರ ಜೂನಿನಲ್ಲಿ ಇಂಗ್ಲೆಂಡಿನೆದುರು ಗೋಲು ಹೊಡೆದ ಪಂದ್ಯದಲ್ಲಿಯೇ ಲುಬಾನ್‌ಸ್ಕಿಯ ಮಂಡಿಗೆ ಪೆಟ್ಟಾಗಿ, ಮರುವರ್ಷದ ವಿಶ್ವಕಪ್ ಆತನಿಗೆ ತಪ್ಪಿತು; ಗೂರ್ನಿಕ್ಕಿಗೆ ಆತನ ಉತ್ತರಾಧಿಕಾರಿ ದೊರೆಯಲಿಲ್ಲ. ಸಂಗೀತಗಾರರು ಪಾಠಾಂತರವೆಂದು ಕರೆಯುವ, ಗುರುಮುಖದಿಂದ ಶಿಷ್ಯನಿಗೆ ಇಳಿಯುವ ಆ ಸಂಪತ್ತು ಇಲ್ಲಿ ಶೇಖರವಾಗಿರಲಿಲ್ಲ. ಇದಕ್ಕೊಂದು ಗಣ್ಯವಾದ ಅಪವಾದ ಕೋಸ್ಟ್ಕಾ: ಗಣಿ ಎಂಜಿನಿಯರಿಂಗಿನಲ್ಲಿ ಪದವೀಧರನೂ 1972ರ ಮ್ಯೂನಿಕ್ ಒಲಿಂಪಿಕ್ಸಿನ ಚಿನ್ನದ ಪದಕ ಗೆದ್ದವನೂ ಆದ ಆತನು, ನೆರೆಯ ಬಿತೋಮಿನ ಶೊಂಬಿಯೆರ್ಕಿ ಸಂಘಕ್ಕೆ 1980ರಲ್ಲಿ ಪ್ರಶಸ್ತಿಯನ್ನು ತಂದುಕೊಟ್ಟು, ಬಳಿಕ 1985 ಮತ್ತು 1986ರಲ್ಲಿ ತನ್ನ ಹಳೆಯ ಮನೆಯನ್ನೂ ಗೆಲ್ಲಿಸಿದನು. ಆತನಲ್ಲಿ ಒಂದು ಪದ್ಧತಿಯಿತ್ತು. ಅದನ್ನು ಸಂಘವು ತನ್ನದಾಗಿಸಿಕೊಳ್ಳುವ ಮೊದಲೇ ಕಾಲ ಬದಲಾಯಿತು.

1989ರ ಬಳಿಕ ಪ್ರಭುತ್ವವೂ ಗಣಿಗಳೂ ಕುಸಿದಾಗ ಉಳಿದುದು ನೆನಪು. 2009ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಸಂಘವು ಕೆಳದರ್ಜೆಗೆ ಇಳಿಯಿತು. ಮರಳಿ ಬಂದ 2017-18ರ ಋತುವಿನಲ್ಲಿ ಮಾರ್ಚಿನ್ ಬ್ರೋಶ್ ಎಂಬ ತರಬೇತುದಾರನು ತರುಣರನ್ನು ನಂಬಿ ನಾಲ್ಕನೆಯ ಸ್ಥಾನವನ್ನು ಗಳಿಸಿದ್ದು, ಪೂರ್ವಕಾಲದ ಪ್ರಶಸ್ತಿಗಳಿಗಿಂತಲೂ ನನಗೆ ಮೆಚ್ಚುಗೆಯಾದ ಸಂಗತಿ. ಆದರೆ ಆ ಗುಂಪು ಬಹುಕಾಲ ನಿಲ್ಲಲಿಲ್ಲ: ಜುರ್ಕೊಫ್ಸ್ಕಿ ಇಟಲಿಗೆ ಹೊರಟನು, 2018-19ರಲ್ಲಿ 24 ಗೋಲು ಹೊಡೆದು ಲೀಗಿನ ಅಗ್ರಗಣ್ಯನಾಗಿದ್ದ ಸ್ಪೇನಿನ ಇಗೊರ್ ಆಂಗುಲೊ 2020ರಲ್ಲಿ ಗೋವಾ ತಂಡವನ್ನು ಸೇರಿ, ಅಲ್ಲಿನ ತನ್ನ ಮೊದಲ ಪಂದ್ಯದಲ್ಲಿಯೇ, 2-0ರಿಂದ ಮುಂದಿದ್ದ ನಮ್ಮ ಬೆಂಗಳೂರು ತಂಡದ ಎದುರು ಎರಡು ಗೋಲು ಹೊಡೆದು ಪಂದ್ಯವನ್ನು ಸಮಗೊಳಿಸಿದನು.