ಗೋಡೆಯ ಮೊಳೆ ಯಾವ ದಶಕದ್ದು?

ಕಾಲೇಜು ಹುಡುಗ ಹುಡುಗಿಯರು ಸೇರಿ ಮಾಡುವ ಹಾಡಿನ ವಿಡಿಯೊಗಳಲ್ಲಿ ಒಂದು ಹಂದರ ಮತ್ತೆ ಮತ್ತೆ ಕಾಣಿಸುತ್ತದೆ. ಒಂದೇ ಹಾಡು, ಚರಣಕ್ಕೊಂದು ದಶಕ. ಎಪ್ಪತ್ತರ ದಶಕದಲ್ಲಿ ಚಿಗುರಿದ ಪ್ರೀತಿ ಕ್ಯಾಸೆಟ್, ಎಸ್‌ಟಿಡಿ ಬೂತ್‌ಗಳನ್ನು ದಾಟಿ ಮೊಬೈಲಿಗೆ ಬಂದು ನಿಲ್ಲುತ್ತದೆ. ಕ್ಯಾಮೆರಾ ಕೆಲಸ, ಸಂಕಲನ ಎರಡರಲ್ಲೂ ಈ ಮಕ್ಕಳು ಬಹಳ ಮುಂದಿದ್ದಾರೆ. ಸೆಟ್ ಮತ್ತು ಪ್ರಾಪರ್ಟಿಯ ವಿಷಯದಲ್ಲಿ ಮಾತ್ರ ಈ ವಿಡಿಯೊಗಳು ಸೋಲುತ್ತವೆ. ಆ ಸೋಲಿಗೆ ಹಣದ ಕೊರತೆಯೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಎಪ್ಪತ್ತರ ದಶಕ ಎಂದೊಡನೆ ಹಿತ್ತಾಳೆ ಕೊಂಬಿನ ಗ್ರಾಮಫೋನು ಮೇಜಿನ ಮೇಲೆ ಬಂದು ಕೂರುತ್ತದೆ. ಆ ಹೊತ್ತಿಗೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಹಾಡುತ್ತಿದ್ದುದು ರೇಡಿಯೊ. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ, ವರ್ಷ ವರ್ಷ ಹಣ ಕಟ್ಟಿ ಇಟ್ಟುಕೊಳ್ಳಬೇಕಿದ್ದ ರೇಡಿಯೊ. ಆ ಲೈಸೆನ್ಸ್ ಪುಸ್ತಕವನ್ನು ರೇಡಿಯೊ ಕೆಳಗೆ ತುರುಕಿಟ್ಟು ತೋರಿಸಿದರೆ ಸಾಕು, ಮನೆಯ ಯಜಮಾನ ಎಂಥವನೆಂದು ನೋಡುವವರಿಗೆ ತಿಳಿಯುತ್ತದೆ. ಗ್ರಾಮಫೋನು ಅಂಥದ್ದೇನನ್ನೂ ಹೇಳುವುದಿಲ್ಲ. ‘ಇದು ಹಳೆಯ ಕಾಲ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಬಾಡಿಗೆಗೆ ತಂದ ವಸ್ತುವಿಗೂ ಬಳಸಿ ಬಳಸಿ ಸವೆದ ವಸ್ತುವಿಗೂ ಇರುವ ವ್ಯತ್ಯಾಸ ಇದು.

ಇದಕ್ಕಿಂತ ಆಳದ ತಪ್ಪು ಇನ್ನೊಂದಿದೆ. ದಶಕ ಬದಲಾದ ಕೂಡಲೇ ಕೋಣೆಯೊಳಗಿನದೆಲ್ಲ ಬದಲಾಗಿಬಿಡುತ್ತದೆ. ಹೀಗೆ ಬದುಕಿದ ಮನೆ ಎಲ್ಲಿದೆ? ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಟಿವಿ ಮನೆಗೆ ಬಂದಾಗ ರೇಡಿಯೊ ಕಸಕ್ಕೆ ಹೋಗಲಿಲ್ಲ, ಅಡುಗೆಮನೆಗೆ ಹೋಯಿತು, ಆಮೇಲೆ ಅಟ್ಟಕ್ಕೆ. ಅದರ ಮೇಲಿದ್ದ ಕ್ರೋಶಾ ಹೊದಿಕೆ ಟಿವಿಯ ಮೇಲೇರಿತು. ಕ್ಯಾಲೆಂಡರ್ ವರ್ಷಕ್ಕೊಂದು ಬಂದರೂ ಮೊಳೆ ಮಾತ್ರ ಅದೇ. ಒಂದು ಮನೆಯಲ್ಲಿ ಯಾವಾಗಲೂ ಮೂರು ನಾಲ್ಕು ದಶಕಗಳು ಒಟ್ಟಿಗೆ ಸಂಸಾರ ಮಾಡುತ್ತಿರುತ್ತವೆ. ಕಲಾ ನಿರ್ದೇಶಕರು ಕಟ್ಟಬೇಕಾದದ್ದು ಈ ಸಂಸಾರವನ್ನು. ಆದ್ದರಿಂದ ‘ಈ ದಶಕಕ್ಕೆ ಏನು ತರೋಣ’ ಎಂದು ಕೇಳುವ ಮೊದಲು ‘ಹಿಂದಿನದರಲ್ಲಿ ಏನು ಉಳಿಯುತ್ತದೆ, ಎಲ್ಲಿಗೆ ಸರಿಯುತ್ತದೆ’ ಎಂದು ಕೇಳಿಕೊಳ್ಳಬೇಕು. ಹೀಗೆ ಮಾಡಿದರೆ ಖರ್ಚೂ ಕಡಿಮೆಯೇ. ಒಂದು ಪ್ಲೈವುಡ್ ಗೋಡೆಗೆ ಮೊದಲು ಸುಣ್ಣ ಬಳಿದು ಚಿತ್ರೀಕರಿಸಿ, ಅದರ ಮೇಲೆ ಡಿಸ್ಟೆಂಪರ್, ಕೊನೆಗೆ ಎಮಲ್ಷನ್ ಬಳಿಯುತ್ತ ಕಾಲದ ಕ್ರಮದಲ್ಲೇ ಮುಂದುವರಿದರೆ ಆ ಗೋಡೆಗೆ ನಿಜವಾಗಿಯೇ ವಯಸ್ಸಾಗುತ್ತದೆ. ಹಳೆಯ ಬಣ್ಣ ಸ್ವಿಚ್‌ಬೋರ್ಡಿನ ಅಂಚಿನಲ್ಲಿ ಇಣುಕುತ್ತದೆ. ಎಡಿಟಿಂಗಿನಲ್ಲಿ ಹಾಕುವ ಹಳದಿ ಫಿಲ್ಟರ್ ಈ ಕೆಲಸ ಮಾಡಲಾರದು.

ನಕಲಿನ ಬಗ್ಗೆಯೂ ಒಂದು ಮಾತು. ಅಮೆರಿಕದ ವೀಜರ್ ತಂಡದ ‘ಬಡಿ ಹಾಲಿ’ ಹಾಡಿಗೆ ಸ್ಪೈಕ್ ಜೋನ್ಜ್ 1994ರಲ್ಲಿ ಮಾಡಿದ ವಿಡಿಯೊ ಐವತ್ತರ ದಶಕದಲ್ಲಿ ನಡೆಯುವಂತೆ ಕಾಣುತ್ತದೆ. ಆದರೆ ಅವರು ಮರುಕಟ್ಟಿದ್ದು ಎಪ್ಪತ್ತರ ದಶಕದಲ್ಲಿ ಶುರುವಾದ ‘ಹ್ಯಾಪಿ ಡೇಸ್’ ಧಾರಾವಾಹಿಯ ಹೋಟೆಲಿನ ಸೆಟ್ಟನ್ನು. ಧಾರಾವಾಹಿಯ ಹಳೆಯ ತುಣುಕುಗಳಿಗೆ ಹೊಸ ಚಿತ್ರಿಕೆಗಳು ಹೊಂದಿಕೊಳ್ಳಬೇಕಿತ್ತು. ಹಾಗಾಗಿ ಬೆಳಕು, ಉಡುಪು ಎಲ್ಲವೂ ಆ ಧಾರಾವಾಹಿಗೇ ನಿಷ್ಠವಾದವು. ತಾನು ಯಾವುದರ ನಕಲು ಎಂಬ ಸ್ಪಷ್ಟತೆ ಆ ವಿಡಿಯೊಗೆ ಇದೆ. ನಮ್ಮ ವಿದ್ಯಾರ್ಥಿಗಳು ಸಿನಿಮಾ ಹಾಡುಗಳ ಸೆಟ್ಟನ್ನು ನೋಡಿ ಎಂಬತ್ತರ ದಶಕವನ್ನು ಕಟ್ಟುತ್ತಾರೆ, ಆಮೇಲೆ ಅದನ್ನು ಅಜ್ಜಿಯ ಮನೆ ಎನ್ನುತ್ತಾರೆ. ಸಿನಿಮಾದ ಎಂಬತ್ತು ಬೇಕಾದರೆ ಥಳಕಿನ ಕಾಗದ, ಬಣ್ಣದ ದೀಪಗಳೊಂದಿಗೆ ಧೈರ್ಯವಾಗಿ ಅದನ್ನೇ ಕಟ್ಟಲಿ. ಅಜ್ಜಿಯ ಮನೆ ಬೇಕಾದರೆ ಅಜ್ಜಿಯ ಆಲ್ಬಮ್ ತೆರೆಯಲಿ. ಫೋಟೊದಲ್ಲಿ ಮುಂದೆ ನಿಂತವರನ್ನು ಬಿಟ್ಟು ಅವರ ಬೆನ್ನ ಹಿಂದಿನ ಗೋಡೆ, ಗೂಟ, ಕಿಟಕಿಯ ಪರದೆ ನೋಡಲಿ.

ಊರನ್ನೇ ಸೆಟ್ ಮಾಡಿದ ಉದಾಹರಣೆ ನಮ್ಮಲ್ಲೇ ಇದೆ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ಗೆ ಕಲಾ ನಿರ್ದೇಶಕ ಜಾನ್ ದೇವರಾಜ್ ಆಗುಂಬೆಯನ್ನು ಮಾಲ್ಗುಡಿಯಾಗಿಸಿದರು. ಅಲ್ಲಿನ ದೊಡ್ಡಮನೆಯ ಕಂಬ, ಜಗಲಿಗಳು ಮೊದಲೇ ಇದ್ದವು. ಇರುವುದನ್ನು ಗುರುತಿಸುವ ಕಣ್ಣು ಸೆಟ್ ಕಟ್ಟುವ ಕೈಯಷ್ಟೇ ಮುಖ್ಯ ಎನ್ನುವುದಕ್ಕೆ ಆ ಧಾರಾವಾಹಿಯನ್ನು ಈಗ ನೋಡಿದರೂ ಸಾಕ್ಷಿ ಸಿಗುತ್ತದೆ.

ಸಣ್ಣ ತಪ್ಪುಗಳನ್ನು ಸಣ್ಣವೆಂದು ಬಿಡಬಾರದು. 1970ರ ಅಂಗಡಿ ಬೋರ್ಡಿನಲ್ಲಿ ಆರಂಕಿಯ ಪಿನ್‌ಕೋಡ್ ಇರಲು ಸಾಧ್ಯವಿಲ್ಲ. ಅದು ಜಾರಿಗೆ ಬಂದದ್ದು 1972ರಲ್ಲಿ. ಎಂಬತ್ತರ ಬೆಲೆಪಟ್ಟಿಯಲ್ಲಿ ₹ ಚಿಹ್ನೆ ಇರಬಾರದು, ಅದು ಬಂದದ್ದು 2010ರಲ್ಲಿ. ಕೈಯಲ್ಲಿ ಬರೆದ ಬೋರ್ಡಿನ ಜಾಗದಲ್ಲಿ ಫ್ಲೆಕ್ಸ್ ಕಂಡರಂತೂ ಇಡೀ ಬೀದಿಯೇ ಸುಳ್ಳಾಗುತ್ತದೆ.

ಇಷ್ಟಾಗಿಯೂ ಈ ವಿಡಿಯೊಗಳು ತೀರ ಅವಸರದಲ್ಲಿ ದಾಟಿಬಿಡುವ ದಶಕವೆಂದರೆ 2000ದ ನಂತರದ್ದು, ಅವರದೇ ಬಾಲ್ಯದ್ದು. ಬಟ್ಟೆ ಹೊದಿಸಿದ ಕಂಪ್ಯೂಟರ್ ಮಾನಿಟರ್, ಗೀರಿ ನಂಬರ್ ನೋಡುವ ರೀಚಾರ್ಜ್ ಕೂಪನ್, ಸಿಡಿ ತುಂಬಿದ ಪೌಚ್, ಯಾವ ಫೋನಿಗೂ ಹೊಂದದ ತೆಳು ಪಿನ್ನಿನ ಚಾರ್ಜರ್ ಇವೆಲ್ಲ ಇನ್ನೂ ಅವರ ಮನೆಯ ಡ್ರಾಯರುಗಳಲ್ಲೇ ಬಿದ್ದಿರುತ್ತವೆ. ಅವನ್ನು ಯಾರು, ಎಲ್ಲಿ, ಹೇಗೆ ಇಡುತ್ತಿದ್ದರು ಎಂಬುದು ಅವರಿಗೆ ಗೊತ್ತು. ಈ ಒಂದು ದಶಕಕ್ಕೆ ಅವರು ಯಾವ ಸಿನಿಮಾದ ಸೆಟ್ಟನ್ನೂ ನೋಡಬೇಕಿಲ್ಲ. ಆದರೂ ಅದಕ್ಕೆ ಸಿಗುವುದು ಕೊನೆಯ ಚರಣಕ್ಕೆ ಮುಂಚಿನ ನಾಲ್ಕಾರು ಕ್ಷಣ, ಗ್ರಾಮಫೋನಿಗೆ ಸಿಗುವುದು ಇಡೀ ಪಲ್ಲವಿ.